ಬರಗಾಲವನ್ನು ಬರೆದವರು, ಕಲಾಶಾಲೆಯನ್ನು ಕಟ್ಟಿದವರು

1943ರ ಬೇಸಿಗೆ ಕಳೆಯುತ್ತಿದ್ದಂತೆ ಬಂಗಾಳದ ಹಳ್ಳಿಗಳಿಂದ ಜನರು ಕಲ್ಕತ್ತಾದ ಕಡೆಗೆ ನಡೆದುಕೊಂಡು ಬರತೊಡಗಿದರು. ಬಂದವರಲ್ಲಿ ಕೃಷಿ ಕೂಲಿಗಳಿದ್ದರು, ಮೀನುಗಾರರಿದ್ದರು, ದೋಣಿ ನಡೆಸುವವರಿದ್ದರು. ನಗರದ ಮನೆಗಳ ಬಾಗಿಲಲ್ಲಿ ನಿಂತು ಅವರು ಬೇಡುತ್ತಿದ್ದುದು ಅನ್ನವನ್ನಲ್ಲ. ಅನ್ನ ಸಿಕ್ಕೀತೆಂಬ ಆಸೆಯನ್ನು ಅವರು ದಾರಿಯಲ್ಲೇ ಬಿಟ್ಟು ಬಂದಿದ್ದರು. ಅನ್ನ ಬಸಿದು ಚೆಲ್ಲುವ ಗಂಜಿತಿಳಿಯನ್ನಾದರೂ ಕೊಡಿ ಎಂದು ಅವರು ಕೇಳುತ್ತಿದ್ದರು. ಬಂಗಾಳಿಯಲ್ಲಿ ಅದಕ್ಕೆ 'ಫ್ಯಾನ್' ಎನ್ನುತ್ತಾರೆ. ಆ ಕೂಗು ಬಂಗಾಳದ ಕಥೆ, ನಾಟಕ, ಸಿನಿಮಾಗಳಲ್ಲಿ ಇಂದಿಗೂ ಕೇಳಿಸುತ್ತದೆ.

ಆ ಬೀದಿಗಳಲ್ಲಿ 28ರ ಹರೆಯದ ಚಿತ್ರಕಲಾ ಶಿಕ್ಷಕರೊಬ್ಬರು ಕೈಯಲ್ಲಿ ಕಾಗದದ ಕಂತೆ ಹಿಡಿದು ಓಡಾಡುತ್ತಿದ್ದರು. ಅದು ಚಿತ್ರ ಬರೆಯುವ ಕಾಗದವಲ್ಲ. ಯುದ್ಧಕಾಲದಲ್ಲಿ ಒಳ್ಳೆಯ ಕಾಗದ ದುಬಾರಿಯಾಗಿತ್ತು. ಅಂಗಡಿಗಳಲ್ಲಿ ಸಾಮಾನು ಕಟ್ಟಲು ಬಳಸುವ ಅಗ್ಗದ ಕಂದು ಕಾಗದದ ಮೇಲೆ ಅವರು ಕಪ್ಪು ಮಸಿ ಮತ್ತು ಕುಂಚದಿಂದ ಬರೆಯುತ್ತಿದ್ದರು. ಅವರ ಹೆಸರು ಝೈನುಲ್ ಆಬಿದೀನ್. ಇಂದಿನ ಬಾಂಗ್ಲಾದೇಶದಲ್ಲಿ ಅವರನ್ನು 'ಶಿಲ್ಪಾಚಾರ್ಯ' ಎಂದು ಕರೆಯುತ್ತಾರೆ. ಅಲ್ಲಿ ಕುಂಚ ಹಿಡಿದವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ತಾವು ಅವರ ಶಿಷ್ಯರ ಸಾಲಿಗೆ ಸೇರಿದವರೆಂದು ಹೇಳಿಕೊಳ್ಳುತ್ತಾರೆ.

ನಮ್ಮಲ್ಲಿ ಮುಸ್ಲಿಮ್ ಚಿತ್ರಕಾರನೆಂದರೆ ನೆನಪಾಗುವುದು ಎಂ.ಎಫ್. ಹುಸೇನ್ ಒಬ್ಬರೇ. ಅದೂ ಅವರ ಚಿತ್ರಗಳಿಗಿಂತ ಹೆಚ್ಚಾಗಿ ಬರಿಗಾಲು, ವಿವಾದ ಮತ್ತು ಕೊನೆಗಾಲದ ಪರದೇಶವಾಸದ ಕಾರಣಕ್ಕೆ. ಹುಸೇನರದೇ ತಲೆಮಾರಿನ ಝೈನುಲ್ ಆಬಿದೀನರ ಹೆಸರು ಕನ್ನಡದ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಅವರ ಬದುಕಿನಲ್ಲಿ ಸುದ್ದಿಯಾಗುವಂಥ ಜಗಳಗಳು ಕಡಿಮೆ, ಕೆಲಸವೇ ಹೆಚ್ಚು.

ಝೈನುಲ್ ಹುಟ್ಟಿದ್ದು 1914ರ ಡಿಸೆಂಬರ್ 29ರಂದು, ಆಗಿನ ಮೈಮನ್‌ಸಿಂಗ್ ಜಿಲ್ಲೆಗೆ ಸೇರಿದ್ದ ಕಿಶೋರ್‌ಗಂಜ್‌ನಲ್ಲಿ. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಸಂಬಳ ಸಣ್ಣದು, ಮಕ್ಕಳು ಹೆಚ್ಚು. ಹುಡುಗ ಬೆಳೆದದ್ದು ಬ್ರಹ್ಮಪುತ್ರಾ ನದಿಯ ದಂಡೆಯಲ್ಲಿ. ತನಗೆ ಚಿತ್ರ ಕಲಿಸಿದ ಮೊದಲ ಗುರು ಆ ನದಿಯೇ ಎಂದು ಅವರು ಹೇಳುತ್ತಿದ್ದರು. ಶಾಲೆಯ ಪಾಠ ಅರ್ಧಕ್ಕೆ ನಿಲ್ಲಿಸಿ ಕಲ್ಕತ್ತಾದ ಸರಕಾರಿ ಕಲಾಶಾಲೆಗೆ ಸೇರಬೇಕೆಂದು ಹಟ ಹಿಡಿದ ಮಗನಿಗಾಗಿ ತಾಯಿ ತನ್ನ ಕೊರಳಿನ ಚಿನ್ನವನ್ನು ಮಾರಿದರೆಂದು ಆ ಕುಟುಂಬದ ಕಥೆಯಿದೆ. ಒಬ್ಬ ಮುಸ್ಲಿಮ್ ದರೋಗನ ಮಗ ಚಿತ್ರ ಕಲಿಯಲು ಹೊರಡುವುದು 1930ರ ದಶಕದ ಪೂರ್ವ ಬಂಗಾಳದಲ್ಲಿ ಸಾಮಾನ್ಯ ಸಂಗತಿಯಲ್ಲ. ಚಿತ್ರ ಬರೆಯುವುದು ಹೊಟ್ಟೆಗೂ ಆಗದು, ದೀನಿಗೂ ಆಗದು ಎಂಬ ಮಾತು ಆಗ ಮನೆಮನೆಯಲ್ಲಿತ್ತು. ಅದು ನಮ್ಮ ಕರಾವಳಿಯ ಮನೆಗಳಿಗೂ ಹೊಸತೇನಲ್ಲ.

ಮೈಸೂರಿನ ಕೆ. ವೆಂಕಟಪ್ಪನವರು ಅವನೀಂದ್ರನಾಥ ಠಾಕೂರರ ಬಳಿ ಕಲಿತದ್ದೂ ಇದೇ ಕಲಾಶಾಲೆಯಲ್ಲಿ, ಝೈನುಲ್‌ಗಿಂತ ಎರಡು ದಶಕಗಳ ಮೊದಲು. ಝೈನುಲ್ ಸೇರುವ ಹೊತ್ತಿಗೆ ಮುಕುಲ್ ಡೇ ಪ್ರಾಂಶುಪಾಲರಾಗಿದ್ದರು. ಪುರಾಣ, ಇತಿಹಾಸಗಳ ಮೃದು ಬಣ್ಣದ ಚಿತ್ರಗಳಿಗೆ ಆಗ ಬಂಗಾಳದಲ್ಲಿ ಬಹಳ ಮನ್ನಣೆಯಿತ್ತು. ಝೈನುಲ್‌ರಿಗೆ ಅದು ಹಿಡಿಸಲಿಲ್ಲ. ಅವರು ಕಣ್ಣೆದುರಿನ ನದಿ, ದೋಣಿ, ದಂಡೆ, ಮರ, ಬಿಸಿಲನ್ನು ಜಲವರ್ಣದಲ್ಲಿ ಬರೆದರು. ಬ್ರಹ್ಮಪುತ್ರೆಯ ಆ ಚಿತ್ರಗಳಿಗೆ 1938ರಲ್ಲಿ ಅಖಿಲ ಭಾರತ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಕಲಿತ ಶಾಲೆಯಲ್ಲೇ ಅವರು ಶಿಕ್ಷಕರಾದರು. ಇಷ್ಟರಲ್ಲೇ ನಿಂತಿದ್ದರೆ ಅವರು ಒಳ್ಳೆಯ ಜಲವರ್ಣ ಕಲಾವಿದರ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿಯುತ್ತಿದ್ದರು.

ಆದರೆ ಬರಗಾಲ ಬಂತು. ಬರಗಾಲ ಎಂಬ ಪದವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಮಳೆ ಕೈಕೊಟ್ಟು ಭೂಮಿ ಬಿರುಕು ಬಿಟ್ಟ ಬರಗಾಲ ಅದಲ್ಲ. 1942ರಲ್ಲಿ ಜಪಾನಿನ ಸೈನ್ಯ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನೀಯರು ಬಂದರೆ ಅವರಿಗೆ ಏನೂ ಸಿಗಬಾರದೆಂದು ಬ್ರಿಟಿಷ್ ಸರಕಾರ ಕರಾವಳಿ ಬಂಗಾಳದ ಅಕ್ಕಿಯನ್ನು ಸಾಗಿಸಿತು. ಹತ್ತಕ್ಕಿಂತ ಹೆಚ್ಚು ಜನರನ್ನು ಹೊರಬಲ್ಲ ದೋಣಿಗಳನ್ನು ವಶಪಡಿಸಿಕೊಂಡಿತು, ಸಾವಿರಾರು ದೋಣಿಗಳನ್ನು ನಾಶ ಮಾಡಿತು. ನದಿಗಳೇ ರಸ್ತೆಗಳಾಗಿರುವ ನಾಡಿನಲ್ಲಿ ದೋಣಿ ಹೋದರೆ ಮೀನು ಹೋಯಿತು, ಸಂತೆ ಹೋಯಿತು, ಅಕ್ಕಿಯ ಸಾಗಾಟವೂ ಹೋಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಅಪ್ಪಳಿಸಿತು. ಯುದ್ಧದ ಹಣ ಕಲ್ಕತ್ತಾಕ್ಕೆ ಹರಿದು ಬಂದು ಬೆಲೆ ಏರಿತು. ವ್ಯಾಪಾರಿಗಳು ಅಕ್ಕಿಯನ್ನು ಬಚ್ಚಿಟ್ಟರು. 1942ರ ಡಿಸೆಂಬರ್‌ನಲ್ಲಿ ಮಣಕ್ಕೆ 13-14 ರೂಪಾಯಿ ಇದ್ದ ಅಕ್ಕಿ 1943ರ ಆಗಸ್ಟ್‌ನಲ್ಲಿ 37 ರೂಪಾಯಿಯಾಯಿತು. ಕೂಲಿಯವನ ಕೂಲಿ ಮಾತ್ರ ಆ ವೇಗದಲ್ಲಿ ಏರಲಿಲ್ಲ. ಸತ್ತವರು ಸುಮಾರು 15 ಲಕ್ಷ ಎಂದು ಸರಕಾರಿ ಆಯೋಗವೇ 1945ರಲ್ಲಿ ಒಪ್ಪಿತು. ನಂತರದ ಅನೇಕ ಲೆಕ್ಕಾಚಾರಗಳು 30 ಲಕ್ಷದ ಸಮೀಪಕ್ಕೆ ಹೋಗುತ್ತವೆ. ಆಗ ಶಾಂತಿನಿಕೇತನದಲ್ಲಿ ಬಾಲಕನಾಗಿ ಈ ದೃಶ್ಯಗಳನ್ನು ಕಂಡ ಅಮರ್ತ್ಯ ಸೇನ್, ಆಹಾರವಿದ್ದೂ ಕೊಳ್ಳುವ ಶಕ್ತಿಯಿಲ್ಲದೆ ಜನ ಸಾಯುವುದು ಹೇಗೆಂದು 1981ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಸರಕಾರ ಅದನ್ನು 'ಕ್ಷಾಮ' ಎಂದು ಅಧಿಕೃತವಾಗಿ ಘೋಷಿಸಲೇ ಇಲ್ಲ. ಹಾಗೆ ಘೋಷಿಸಿದರೆ ಕ್ಷಾಮ ಸಂಹಿತೆಯ ಪ್ರಕಾರ ಪರಿಹಾರ ಕೊಡಬೇಕಾಗುತ್ತಿತ್ತು. ಪತ್ರಿಕೆಗಳ ಮೇಲೆ ಯುದ್ಧಕಾಲದ ನಿರ್ಬಂಧಗಳಿದ್ದವು. ಆಗಸ್ಟ್ 22ರಂದು 'ಸ್ಟೇಟ್ಸ್‌ಮನ್' ಪತ್ರಿಕೆ ಬೀದಿ ಹೆಣಗಳ ಛಾಯಾಚಿತ್ರಗಳನ್ನು ಪ್ರಕಟಿಸಿದ ಮೇಲಷ್ಟೇ ಹೊರಜಗತ್ತಿಗೆ ವಿಷಯ ಸರಿಯಾಗಿ ತಿಳಿಯಿತು. ಆಳುವವರು ಇಲ್ಲವೆಂದು ಹೇಳುತ್ತಿದ್ದ ಸಂಗತಿಯನ್ನು ಕೆಲವು ಕಲಾವಿದರು ಚಿತ್ರಗಳಲ್ಲಿ ದಾಖಲಿಸತೊಡಗಿದರು. ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿ ಬರೆದು ಪ್ರಕಟಿಸಿದ ಪುಸ್ತಿಕೆಯ ಪ್ರತಿಗಳನ್ನು ಸರಕಾರ ಮುಟ್ಟುಗೋಲು ಹಾಕಿ ನಾಶ ಮಾಡಿತು. ಝೈನುಲ್‌ರ ಚಿತ್ರಗಳು ಎಲಾ ಸೆನ್ ಅವರ ಪುಸ್ತಕದಲ್ಲಿ 1944ರಲ್ಲಿ ಬಂದವು.

ಆ ಚಿತ್ರಗಳಲ್ಲಿ ಬೀದಿಯಿಲ್ಲ, ಮನೆಯಿಲ್ಲ, ಆಕಾಶವೂ ಇಲ್ಲ. ಕಂದು ಕಾಗದವೇ ಹಿನ್ನೆಲೆ. ಒಣಗಿದ ಕುಂಚದಿಂದ ಎಳೆದ ದಪ್ಪ, ಒರಟು ಗೆರೆಗಳು ಎಲುಬುಗಳಂತೆಯೇ ಕಾಣುತ್ತವೆ. ಸತ್ತ ತಾಯಿಯ ಎದೆಗೆ ಬಾಯಿಡುವ ಮಗು. ಕಸದ ತೊಟ್ಟಿಗೆ ತಲೆಯಿಟ್ಟು ಹುಡುಕುವ ಮನುಷ್ಯ, ಅದೇ ತೊಟ್ಟಿಯ ಸುತ್ತ ನಾಯಿ ಮತ್ತು ಕಾಗೆಗಳು. ಕಾಗೆ ಈ ಸರಣಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಚಿತ್ರಗಳಲ್ಲಿ ಹೊಟ್ಟೆ ತುಂಬಿದ ಜೀವಿ ಅದೊಂದೇ. ಅಲ್ಲಿ ಯಾರ ಮುಖದಲ್ಲೂ ಧರ್ಮದ ಗುರುತಿಲ್ಲ. 1943ರಲ್ಲಿ, ದೇಶ ಒಡೆಯುವ ಮಾತು ಜೋರಾಗಿದ್ದ ಕಾಲದಲ್ಲಿ, ಸತ್ತವರು ಹಿಂದೂಗಳೋ ಮುಸ್ಲಿಮರೋ ಎಂದು ಕೇಳದೆ ಬರೆದ ಚಿತ್ರಗಳಿವು. ಅವರು ಕರುಣೆಯನ್ನೂ ಬಣ್ಣ ಹಚ್ಚಿ ತೋರಿಸಿಲ್ಲ. ನೋಡುವವನಿಗೆ ಅಳಲು ಅನುಕೂಲ ಮಾಡಿಕೊಡುವ ಚಿತ್ರಗಳೂ ಇವಲ್ಲ, ನಾಚಿಕೆಪಡುವಂತೆ ಮಾಡುತ್ತವೆ.

ಇಷ್ಟಾದ ಮೇಲೆ ಬಹಳ ಕಲಾವಿದರು ಏನು ಮಾಡುತ್ತಿದ್ದರು? ಸಿಕ್ಕಿದ ಹೆಸರನ್ನು ಹಿಡಿದುಕೊಂಡು ಚಿತ್ರ ಬರೆಯುತ್ತ ಹೋಗುತ್ತಿದ್ದರು. ಝೈನುಲ್ ಬೇರೆ ದಾರಿ ಹಿಡಿದರು. 1947ರಲ್ಲಿ ದೇಶ ವಿಭಜನೆಯಾದಾಗ ಕಲ್ಕತ್ತಾದ ಕಲಾಶಾಲೆಯಲ್ಲಿದ್ದ ಮುಸ್ಲಿಮ್ ಶಿಕ್ಷಕರು ಢಾಕಾಕ್ಕೆ ಬಂದರು. ಢಾಕಾದಲ್ಲಿ ಆಗ ಕಲಾಶಾಲೆಯೂ ಇರಲಿಲ್ಲ, ಗ್ಯಾಲರಿಯೂ ಇರಲಿಲ್ಲ, ಚಿತ್ರ ಕೊಳ್ಳುವವರೂ ಇರಲಿಲ್ಲ. ಧರ್ಮದ ಹೆಸರಿನಲ್ಲಿ ಹುಟ್ಟಿದ ಹೊಸ ರಾಷ್ಟ್ರದಲ್ಲಿ ಮನುಷ್ಯರ ಚಿತ್ರ ಬರೆಯಲು ಕಲಿಸುವ ಶಾಲೆ ಏಕೆ ಎಂದು ಕೇಳುವವರು ಮಾತ್ರ ಸಾಕಷ್ಟಿದ್ದರು.

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ಜೀವಿಗಳ ಚಿತ್ರದ ಬಗ್ಗೆ ಮುಸ್ಲಿಮ್ ವಿದ್ವಾಂಸರಲ್ಲಿ ಹಳೆಯ ಹಾಗೂ ಗಂಭೀರ ಚರ್ಚೆಯಿದೆ. ಅದೇ ವೇಳೆ ಮೊಗಲರ, ಸಫವಿಗಳ, ಉಸ್ಮಾನಿಯರ ಆಸ್ಥಾನಗಳಲ್ಲಿ ಮನುಷ್ಯರ ಚಿತ್ರಗಳು ಹೇರಳವಾಗಿ ಬಂದುದೂ ಇತಿಹಾಸವೇ. ಝೈನುಲ್ ಈ ಚರ್ಚೆಯಲ್ಲಿ ಫತ್ವಾಗಳನ್ನು ಎದುರಿಟ್ಟು ವಾದಿಸಲು ಹೋದವರಲ್ಲ. ಗೆಳೆಯರಾದ ಕಮ್ರುಲ್ ಹಸನ್, ಸಫೀಯುದ್ದೀನ್ ಅಹ್ಮದ್, ಅನ್ವಾರುಲ್ ಹಖ್ ಮೊದಲಾದವರೊಂದಿಗೆ ಅಧಿಕಾರಿಗಳ ಕೋಣೆಗಳಿಗೆ ಅಲೆದರು. ಚಿತ್ರಕಲೆಯ ಜೊತೆಗೆ ಅಚ್ಚಿನ ಕಲೆ, ವಾಣಿಜ್ಯ ಕಲೆಯನ್ನೂ ಸೇರಿಸಿದರು. ಹೊಸ ದೇಶಕ್ಕೆ ಪಠ್ಯಪುಸ್ತಕ, ಭಿತ್ತಿಪತ್ರ, ಮುಖಪುಟಗಳನ್ನು ಮಾಡುವ ಕೈಗಳು ಬೇಕಲ್ಲ! ಕೊನೆಗೆ 1948ರಲ್ಲಿ, ಢಾಕಾದ ಜಾನ್ಸನ್ ರಸ್ತೆಯ ಒಂದು ವೈದ್ಯಕೀಯ ಶಾಲೆಯ ಎರಡು ಕೋಣೆಗಳಲ್ಲಿ, 18 ವಿದ್ಯಾರ್ಥಿಗಳೊಂದಿಗೆ ಸರಕಾರಿ ಕಲಾಶಾಲೆ ಆರಂಭವಾಯಿತು. 1950ರ ದಶಕದ ಮಧ್ಯದ ಹೊತ್ತಿಗೆ ಅಲ್ಲಿ ಹುಡುಗಿಯರೂ ಕಲಿಯತೊಡಗಿದರು.

ಶಾಲೆಗೆ ಸ್ವಂತ ಕಟ್ಟಡ ಬರುವಾಗಲೂ ಅವರು ಸುಮ್ಮನೆ ಒಂದು ಸರಕಾರಿ ಕಟ್ಟಡವನ್ನು ಒಪ್ಪಿಕೊಳ್ಳಲಿಲ್ಲ. ಶಾಹಬಾಗ್‌ನಲ್ಲಿ ಯುವ ವಾಸ್ತುಶಿಲ್ಪಿ ಮಝ್ಹರುಲ್ ಇಸ್ಲಾಮ್ ಅದನ್ನು ವಿನ್ಯಾಸಗೊಳಿಸಿದರು. ಕೆಂಪು ಇಟ್ಟಿಗೆ, ತೆರೆದ ಜಗಲಿಗಳು, ಗಾಳಿಗೆ ದಾರಿ, ಇದ್ದ ಮರಗಳನ್ನು ಉಳಿಸಿಕೊಂಡು ಅವುಗಳ ನಡುವೆಯೇ ನಿಂತ ತರಗತಿಗಳು. ಆ ನಾಡಿನ ಆಧುನಿಕ ವಾಸ್ತುಶಿಲ್ಪದ ಇತಿಹಾಸ ಈ ಕಟ್ಟಡದಿಂದಲೇ ಆರಂಭವಾಗುತ್ತದೆಂದು ಹೇಳುತ್ತಾರೆ. ಇಂದು ಅದು ಢಾಕಾ ವಿಶ್ವವಿದ್ಯಾನಿಲಯದ ಲಲಿತಕಲಾ ವಿಭಾಗ. ಜನರ ಬಾಯಲ್ಲಿ 'ಚಾರುಕಲಾ'.

1951ರಲ್ಲಿ ಝೈನುಲ್ ಲಂಡನ್ನಿನ ಸ್ಲೇಡ್ ಕಲಾಶಾಲೆಗೆ ಹೋದರು. ಯುರೋಪಿನ ಚಿತ್ರಗಳನ್ನೆಲ್ಲ ನೋಡಿ ಬಂದವರು ಹೆಚ್ಚು ಯುರೋಪಿಯನ್ ಆಗುವ ಬದಲು ಹೆಚ್ಚು ಬಂಗಾಳಿಯಾದರು. ಹಳ್ಳಿಯ ಹೆಂಗಸರು ಹಳೆ ಸೀರೆಗಳನ್ನು ಪದರ ಮಾಡಿ ಹೊಲಿಯುವ ನಕ್ಷಿ ಕಾಂಥಾ ಕೌದಿ, ಮಣ್ಣಿನ ಗೊಂಬೆ, ಬಣ್ಣದ ಮಡಕೆ, ಇವುಗಳ ಆಕಾರಗಳನ್ನು ತೆಗೆದುಕೊಂಡು 'ಇಬ್ಬರು ಹೆಂಗಸರು', 'ಪಾಯ್ನ್ಯಾನ ತಾಯಿ' ಮುಂತಾದ ಚಿತ್ರಗಳನ್ನು ಬರೆದರು. ಉದ್ದನೆಯ ಕೊರಳು, ಚಪ್ಪಟೆ ಬಣ್ಣ, ಸರಳ ಗೆರೆ. ಬಹಳ ಜನಪ್ರಿಯವಾದ ಚಿತ್ರಗಳಿವು. ಆದರೆ ಕೆಲವೇ ವರ್ಷಗಳಲ್ಲಿ ಅವರು ಈ ಶೈಲಿಯನ್ನು ಬಿಟ್ಟರು. ದುಡಿಯುವ ಮೈಯ ಬಿಗಿತ, ಎಳೆತ, ಚಲನೆಯನ್ನು ಗೊಂಬೆಯ ಆಕಾರದಲ್ಲಿ ಹಿಡಿಯಲಾಗದು ಎಂಬುದು ಅವರಿಗೆ ತಿಳಿಯಿತು. ಕೆಸರಿನಲ್ಲಿ ಹೂತ ಎತ್ತಿನಗಾಡಿಯನ್ನು ಮೇಲೆತ್ತಲು ಹೆಗಲು ಕೊಟ್ಟ ಗಾಡಿಯವನ ಚಿತ್ರ, ಹಗ್ಗ ಕಟ್ಟಿ ಪ್ರವಾಹದ ವಿರುದ್ಧ ದೋಣಿ ಎಳೆಯುವವರ ಚಿತ್ರ, ಹಗ್ಗ ಹರಿದುಕೊಳ್ಳಲು ಜಗ್ಗುವ ಹಸುವಿನ ಚಿತ್ರ, ಇವುಗಳಲ್ಲಿ ಮತ್ತೆ 1943ರ ಆ ಒರಟು ಗೆರೆಯ ಬಲವೇ ಇದೆ. ನನಗೆ ಈ ಚಿತ್ರಗಳು ಲಂಡನ್ನಿನಿಂದ ಬಂದ ಮೇಲಿನ ಚೆಂದದ ಹೆಂಗಸರ ಚಿತ್ರಗಳಿಗಿಂತ ದೊಡ್ಡವೆನಿಸುತ್ತವೆ.

ಅವರ ಪ್ರಭಾವದ ಬಗ್ಗೆ ಮಾತಾಡುವಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಅವರ ವಿದ್ಯಾರ್ಥಿಗಳಲ್ಲಿ ಹೆಸರಾದ ಯಾರೂ ಅವರಂತೆ ಬರೆಯಲಿಲ್ಲ. ಮೊದಲ ತಂಡಗಳ ಅಮೀನುಲ್ ಇಸ್ಲಾಮ್, ಹಮೀದುರ್ರಹ್ಮಾನ್, ಮುರ್ತಝಾ ಬಶೀರ್ ಯುರೋಪಿಗೆ ಹೋಗಿ ಬಂದು ಅಮೂರ್ತದ ಕಡೆಗೂ ಹೊಸ ಪ್ರಯೋಗಗಳ ಕಡೆಗೂ ಹೊರಳಿದರು. ರಶೀದ್ ಚೌಧುರಿ ನೇಯ್ಗೆಯ ಚಿತ್ರಗಳನ್ನು ಮಾಡಿದರು. ಖಯ್ಯೂಮ್ ಚೌಧುರಿ ಪುಸ್ತಕಗಳ ಮುಖಪುಟದಲ್ಲಿ ಇಡೀ ಒಂದು ಪರಂಪರೆಯನ್ನೇ ಕಟ್ಟಿದರು. ಗುರುವಿನ ಅಚ್ಚಿನಿಂದ ಶಿಷ್ಯರನ್ನು ತೆಗೆಯುವ ಅಭ್ಯಾಸ ನಮ್ಮ ಕಲೆ, ಸಂಗೀತಗಳಲ್ಲಿ ಬಹಳ ಹಳೆಯದು. ಝೈನುಲ್ ಅದನ್ನು ಮಾಡಲಿಲ್ಲ. ಅವರು ಕೊಟ್ಟದ್ದು ಶೈಲಿಯನ್ನಲ್ಲ. ಜನರು ಕಷ್ಟದಲ್ಲಿದ್ದಾಗ ಕಲಾವಿದನೂ ಬೀದಿಯಲ್ಲಿರಬೇಕು ಎಂಬ ರೂಢಿಯನ್ನು.

1952ರ ಫೆಬ್ರವರಿ 21ರಂದು ಬಂಗಾಳಿ ಭಾಷೆಯ ಹಕ್ಕಿಗಾಗಿ ಢಾಕಾದಲ್ಲಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಅವರ ನೆನಪಿನ ಶಹೀದ್ ಮಿನಾರ್‌ನ್ನು ರೂಪಿಸಿದವರು ಇದೇ ಶಾಲೆಯಲ್ಲಿ ಕಲಿತ ಹಮೀದುರ್ರಹ್ಮಾನ್. ಶಿಲ್ಪಿ ನೊವೆರಾ ಅಹ್ಮದ್ ಅವರ ಜೊತೆಗಿದ್ದರು. 1971ರಲ್ಲಿ ಪಾಕಿಸ್ತಾನಿ ಸೈನ್ಯ ಅದನ್ನು ಕೆಡವಿತು, ಸ್ವಾತಂತ್ರ್ಯದ ನಂತರ ಮತ್ತೆ ಕಟ್ಟಲಾಯಿತು. ಪ್ರತಿ ವರ್ಷ ಫೆಬ್ರವರಿಯಲ್ಲಿ ಅದರ ಸುತ್ತಲಿನ ರಸ್ತೆಗಳಲ್ಲಿ ಚಾರುಕಲಾದ ವಿದ್ಯಾರ್ಥಿಗಳು ರಂಗೋಲಿಯಂಥ ಆಲ್ಪನಾ ಬರೆಯುತ್ತಾರೆ. 1971ರ ಯುದ್ಧಕಾಲದಲ್ಲಿ ಯಾಹ್ಯಾ ಖಾನ್‌ನ ಮುಖವನ್ನು ರಾಕ್ಷಸನಂತೆ ಬರೆದ ಭಿತ್ತಿಪತ್ರ ಕಮ್ರುಲ್ ಹಸನ್ ಅವರದು. ಬಾಂಗ್ಲಾದೇಶದ ಧ್ವಜದ ಈಗಿನ ರೂಪವೂ ಅವರದೇ.

ಝೈನುಲ್ ತಾವೂ ಕೂತಿರಲಿಲ್ಲ. 1970ರ ಆರಂಭದಲ್ಲಿ, ಜನಾಂದೋಲನದ ಕಾವು ಆರುವ ಮುನ್ನವೇ, 'ನಬಾನ್ನ' ಎಂಬ 65 ಅಡಿ ಉದ್ದದ ಸುರುಳಿ ಚಿತ್ರವನ್ನು ಪ್ರದರ್ಶಿಸಿದರು. ಹೊಸ ಅಕ್ಕಿಯ ಹಬ್ಬದಿಂದ ಆರಂಭವಾಗಿ ಊರು ಬಿಟ್ಟು ಹೊರಡುವ ಬಡವರವರೆಗೆ ಬಂಗಾಳದ ಕಥೆ ಅದರಲ್ಲಿದೆ. ಅದೇ ವರ್ಷ ಅರಬ್ ಲೀಗ್‌ನ ಆಹ್ವಾನದ ಮೇಲೆ ಹೋಗಿ ಫೆಲೆಸ್ತೀನ್ ನಿರಾಶ್ರಿತರ ಶಿಬಿರಗಳಲ್ಲಿ ಕೂತು ಅಲ್ಲಿನ ಮುಖಗಳನ್ನು ಬರೆದರು. ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತದಲ್ಲಿ ಲಕ್ಷಾಂತರ ಜನ ಸತ್ತಾಗ ಪರಿಹಾರ ತಂಡದೊಂದಿಗೆ ಮೊನ್‌ಪುರಾ ದ್ವೀಪಕ್ಕೆ ಹೋದರು. ಸುಮಾರು 30 ಅಡಿಯ 'ಮೊನ್‌ಪುರಾ' ಸುರುಳಿಯಲ್ಲಿ ಹೆಣಗಳ ರಾಶಿಯೇ ಇದೆ. ಅದರ ಕೊನೆಯಲ್ಲಿ ಒಬ್ಬನೇ ಒಬ್ಬ ಬದುಕುಳಿದವನು ತಲೆ ತಗ್ಗಿಸಿ ಕೂತಿದ್ದಾನೆ.

1972ರಲ್ಲಿ ಹೊಸ ದೇಶದ ಸಂವಿಧಾನವನ್ನು ಕೈಬರಹದಲ್ಲಿ ಸಿದ್ಧಪಡಿಸಿದಾಗ ಅದರ ಪುಟಗಳ ಅಂಚುಗಳನ್ನು ಅಲಂಕರಿಸಿದ ತಂಡಕ್ಕೆ ಝೈನುಲ್ ಮುಖ್ಯಸ್ಥರಾಗಿದ್ದರು. ನಮ್ಮ ಸಂವಿಧಾನಕ್ಕೆ ನಂದಲಾಲ ಬೋಸ್ ಮಾಡಿದ ಕೆಲಸವದು. ಕೊನೆಯ ವರ್ಷಗಳಲ್ಲಿ ಅವರ ಚಿಂತೆ ಇನ್ನೊಂದಾಗಿತ್ತು. ಹೊಟ್ಟೆಯ ಬರಗಾಲವನ್ನು ಬರೆಯಬಹುದು, ಅಭಿರುಚಿಯ ಬರಗಾಲವನ್ನು ಬರೆಯುವುದು ಹೇಗೆ ಎಂಬರ್ಥದ ಮಾತು ಅವರದೆಂದು ಬಾಂಗ್ಲಾದೇಶದಲ್ಲಿ ಪ್ರಸಿದ್ಧವಾಗಿದೆ. ಪ್ಲಾಸ್ಟಿಕ್ ಬಂದು ಕುಂಬಾರ, ನೇಕಾರ, ಚಾಪೆ ಹೆಣೆಯುವವರು ಕೆಲಸ ಬಿಡುತ್ತಿದ್ದ ಕಾಲವದು. 1975ರಲ್ಲಿ ಬಂಗಾಳದ ಹಳೆಯ ರಾಜಧಾನಿಯಾಗಿದ್ದ ಸೋನಾರ್‌ಗಾಂವ್‌ನಲ್ಲಿ ಜನಪದ ಕಲೆ ಮತ್ತು ಕರಕುಶಲ ಸಂಸ್ಥೆಯನ್ನು ಅವರು ಕಟ್ಟಿಸಿದರು. ಅದೇ ವರ್ಷ ಮೈಮನ್‌ಸಿಂಗ್‌ನಲ್ಲಿ ಬ್ರಹ್ಮಪುತ್ರೆಯ ದಂಡೆಯ ಮೇಲೆ ಅವರ ಚಿತ್ರಗಳ ಸಂಗ್ರಹಾಲಯ ತೆರೆಯಿತು. ರಾಜಧಾನಿಯಲ್ಲೇ ಎಲ್ಲವೂ ಇರಬೇಕೆಂದು ಅವರು ಎಣಿಸಲಿಲ್ಲ.

1976ರ ಮೇ 28ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮೊದಲು ಆಸ್ಪತ್ರೆಯ ಹಾಸಿಗೆಯಲ್ಲಿ 'ಎರಡು ಮುಖಗಳು' ಎಂಬ ಕೊನೆಯ ಚಿತ್ರ ಬರೆದಿದ್ದರು. ಮನುಷ್ಯರ ಚಿತ್ರ ಬರೆಯುವ ಶಾಲೆ ಏಕೆಂದು 1948ರಲ್ಲಿ ಕೇಳಿದ ಅದೇ ನಗರ ಅವರನ್ನು ವಿಶ್ವವಿದ್ಯಾನಿಲಯದ ಮಸೀದಿಯ ಪಕ್ಕದಲ್ಲಿ ದಫನ ಮಾಡಿತು. ಮೂರು ತಿಂಗಳ ನಂತರ ಕವಿ ಕಾಝಿ ನಝ್ರುಲ್ ಇಸ್ಲಾಮ್‌ರನ್ನೂ ಅಲ್ಲಿಯೇ ದಫನ ಮಾಡಲಾಯಿತು. ಬಹಳ ವರ್ಷಗಳ ಬಳಿಕ, 2009ರಲ್ಲಿ, ಬುಧ ಗ್ರಹದ ಒಂದು ಕುಳಿಗೆ ಆಬಿದೀನ್ ಎಂದು ಹೆಸರಿಟ್ಟರು.

ಆ ಹಳೆಯ ಪ್ರಶ್ನೆ ಮಾತ್ರ ಪೂರ್ತಿ ಮುಗಿದಿಲ್ಲ. 1989ರಿಂದ ಚಾರುಕಲಾದ ವಿದ್ಯಾರ್ಥಿಗಳು ಬಂಗಾಳಿ ಹೊಸ ವರ್ಷದ ದಿನ ಹುಲಿ, ಗೂಬೆ, ಮೀನು, ಹಕ್ಕಿಗಳ ದೊಡ್ಡ ಆಕೃತಿಗಳನ್ನೂ ಮುಖವಾಡಗಳನ್ನೂ ಹೊತ್ತು ಮೆರವಣಿಗೆ ಮಾಡುತ್ತಾರೆ. ಮಿಲಿಟರಿ ಆಡಳಿತದ ಕಾಲದಲ್ಲಿ ಹುಟ್ಟಿದ ಈ 'ಮಂಗಲ ಶೋಭಾಯಾತ್ರೆ'ಯನ್ನು 2016ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ಇದು ಧರ್ಮಕ್ಕೆ ಒಗ್ಗುವುದಿಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಇದು ಜನರ ಸಂಸ್ಕೃತಿ, ಆರಾಧನೆಯಲ್ಲ ಎನ್ನುವವರೂ ಇದ್ದಾರೆ. ಸರಕಾರ ಬದಲಾದ ಮೇಲೆ 2025ರಲ್ಲಿ ಅದರ ಹೆಸರಿನಿಂದ 'ಮಂಗಲ' ಪದವನ್ನು ತೆಗೆದು 'ಆನಂದ ಶೋಭಾಯಾತ್ರೆ' ಮಾಡಿದರು. ಹೆಸರು ಬದಲಾಯಿತು, ಮೆರವಣಿಗೆ ನಿಲ್ಲಲಿಲ್ಲ.

ಡಿಸೆಂಬರ್ ಕೊನೆಯಲ್ಲಿ, ಝೈನುಲ್‌ರ ಹುಟ್ಟುಹಬ್ಬದ ಹೊತ್ತಿಗೆ, ಅದೇ ಅಂಗಳದಲ್ಲಿ ಇನ್ನೊಂದು ಉತ್ಸವ ನಡೆಯುತ್ತ ಬಂದಿದೆ. ಹಳ್ಳಿಗಳಿಂದ ಕುಂಬಾರರು, ಕಾಂಥಾ ಹೊಲಿಯುವ ಹೆಂಗಸರು, ಮರದ ಗೊಂಬೆ ಮಾಡುವವರು, ಚಾಪೆ ಹೆಣೆಯುವವರು ಬಂದು ಮರಗಳ ಕೆಳಗೆ ಅಂಗಡಿ ಹಾಕುತ್ತಾರೆ. ಕಲಾಶಾಲೆಯ ವಿದ್ಯಾರ್ಥಿಗಳೂ ತಾವು ಮಾಡಿದ ಚಿತ್ರ, ಮಡಕೆಗಳನ್ನು ಮಾರಲು ಅವರ ಪಕ್ಕದಲ್ಲೇ ಕೂರುತ್ತಾರೆ.